ಸತ್ತ ಮೇಲಾದ್ರೂ ಸುಮ್ನಿರ್ರಪ್ಪ!

ಗೇಮಲ್ಲಿ ನನ್ನ ಟೀಮಿಗೆ ಸಿಗೋ ಈ ಪುಣ್ಯಾತ್ಮರಿಗೆ ಮೈಕ್ ಯಾಕೆ ಕೊಟ್ಟಿರೋದು ಅಂತ ಯಾರಾದ್ರೂ ಹೇಳ್ರಪ್ಪ. ವ್ಯಾಲರಂಟ್ ಅನ್ನೋ ಆನ್‌ಲೈನ್ ಶೂಟಿಂಗ್ ಗೇಮ್‌ನಲ್ಲಿ ಈ ಕಡೆ ಐದು ಜನ, ಆ ಕಡೆ ಐದು ಜನ. ಎದುರಾಳಿ ಎಲ್ಲಿ ಕಂಡ, ಎಷ್ಟು ಏಟು ತಿಂದಿದಾನೆ, ಸ್ಪೈಕ್ ಅಂದ್ರೆ ಬಾಂಬು ಎಲ್ಲಿದೆ, ಇಷ್ಟು ಹೇಳಿದ್ರೆ ಸಾಕು. "ಎ ಮೇನ್, ಇಬ್ರು." ಮುಗೀತು. ಇದಕ್ಕೆ ಭಾಷೇನೂ ಅಡ್ಡ ಬರಲ್ಲ, ಎ, ಬಿ, ಮಿಡ್ ಅಂತ ಮ್ಯಾಪಿನ ಜಾಗಗಳ ಹೆಸರು ಎಲ್ಲರಿಗೂ ಒಂದೇ. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದ್ರೂ ಯಾವತ್ತೂ ಕಷ್ಟ ಆಗಿಲ್ಲ. ಬೈಗುಳಗಳಂತೂ ಈಗ ಬಾಯಿಪಾಠ.

ನಿನ್ನೆ ರಾತ್ರಿ ಮ್ಯಾಚು 11-12. ನಮ್ಮೋರು ನಾಲ್ಕೂ ಜನ ಸತ್ರು, ನಾನೊಬ್ಳೇ ಉಳ್ಕೊಂಡೆ. ಆ ಕಡೇನೂ ಒಬ್ನೇ. ಸ್ಪೈಕ್ ಇಟ್ಟಾಗಿದೆ. ಇಟ್ಟ ಮೇಲೆ ಸಿಡಿಯೋಕೆ 45 ಸೆಕೆಂಡು, ಅದು ಸಿಡಿಯದ ಹಾಗೆ ಡಿಫ್ಯೂಸ್ ಮಾಡೋಕೆ 7 ಸೆಕೆಂಡು. ಡಿಫ್ಯೂಸ್ ಶುರು ಮಾಡಿದ ತಕ್ಷಣ ಸದ್ದು ಬರುತ್ತೆ, ಅದನ್ನ ಕೇಳಿ ಅವನು ಓಡಿ ಬರ್ತಾನೆ, ಅವನ ಹೆಜ್ಜೆ ಸದ್ದು ನಂಗೆ ಕೇಳ್ಬೇಕು. ಆಗ ಬೇಕಾಗಿರೋದು ಕಿವಿ, ಕಿವಿ ಮಾತ್ರ. ಆದ್ರೆ ಕಿವಿಯಲ್ಲಿ ನಾಲ್ಕು ಹೆಣ ಒಟ್ಟಿಗೆ ಕಿರುಚ್ತಾ ಇದ್ವು! ಒಬ್ಬ "ಡಿಫ್ಯೂಸ್ ಡಿಫ್ಯೂಸ್", ಇನ್ನೊಬ್ಬ "ಬೇಡ, ಮೊದ್ಲು ಅವನ್ನ ಹುಡುಕು". ಮೂರನೇಯವನ ಮನೇಲಿ ಕುಕ್ಕರ್ ಕೂಗ್ತಿದೆ. ನಾಲ್ಕನೇಯವನು ಕುಕ್ಕರ್‌ನವನ ಅಮ್ಮನ್ನ ಬೈತಿದಾನೆ. ಎದುರಾಳಿ ಹಿಂದಿನಿಂದ ಬಂದ, ಹೊಡೆದ, ನಂಗೆ ಗೊತ್ತೇ ಆಗ್ಲಿಲ್ಲ.

ಸೋತ ಬೇಜಾರಿಗೆ "ಸದ್ದು ಕೇಳಿಸ್ಲೇ ಇಲ್ಲ" ಅಂದೆ. ಅಷ್ಟೇ ತಪ್ಪಾಗಿದ್ದು. "ಲಡ್ಕೀ ಹೈ ಕ್ಯಾ ಭಾಯ್?" ಶುರು! ಒಬ್ನಿಗೆ ಇನ್‌ಸ್ಟಾ ಐಡಿ ಬೇಕಂತೆ, ಇನ್ನೊಬ್ಬ ಅಡುಗೆಮನೆಗೆ ಹೋಗು ಅಂತಾನೆ. ಇವನೇ ಆ ಕುಕ್ಕರ್‌ನವನು ಬೇರೆ! ಸೀಟಿ ಎಷ್ಟಾಯ್ತು ಅಂತ ಎಣಿಸಿಕೊಂಡು ಕೂತಿರೋಕೆ ಏನಪ್ಪಾ ನಿಂಗೆ ಕಷ್ಟ?

ಅಪರೂಪಕ್ಕೆ ಕನ್ನಡದೋರು ಸಿಕ್ಕಿದ್ರೆ "ಎಲ್ಲಿಯವರು ಗುರು" ಅನ್ನೋ ತನಕ ಖುಷಿ. ಎರಡು ರೌಂಡ್ ಸೋತ್ರೆ ಇವರದ್ದೂ ಅದೇ ರಾಗ. ಒಂದೇ ವ್ಯತ್ಯಾಸ, ಬೈಗುಳ ಪೂರ್ತಿ ಅರ್ಥ ಆಗುತ್ತೆ.

"ಮ್ಯೂಟ್ ಮಾಡ್ಕೊಂಡು ಆಡು" ಅಂತ ಎಲ್ರೂ ಬುದ್ಧಿ ಹೇಳ್ತಾರೆ. ಮಾಡಿದೀನಿ. ಮ್ಯೂಟ್ ಮಾಡಿದ್ರೆ ಬೈಗುಳದ ಜೊತೆ ಉಪಯೋಗದ ಮಾತೂ ಹೋಗುತ್ತೆ. ಬಿ ಕಡೆ ಐದೂ ಜನ ನುಗ್ತಿದಾರೆ ಅಂತ ಗೊತ್ತಾಗದೆ ನಾನು ಎ ಕಾಯ್ತಾ ನಿಂತಿರ್ತೀನಿ. ಪಿಂಗ್ ಒತ್ತಿ ಮ್ಯಾಪಲ್ಲಿ ಜಾಗ ತೋರಿಸ್ಬಹುದು ನಿಜ, ಆದ್ರೆ "ಅವನು ಹಿಂದಿನಿಂದ ಸುತ್ತು ಹಾಕ್ಕೊಂಡು ಬರ್ತಿದಾನೆ, ಗುರಾಣಿ ಖಾಲಿ" ಅಂತ ಪಿಂಗ್ ಹೇಳುತ್ತಾ? ಮಧ್ಯದಲ್ಲಿ ಎದ್ದು ಹೋದ್ರೆ ಶಿಕ್ಷೆ ನಂಗೇ, ಮುಂದಿನ ಮ್ಯಾಚಿಗೆ ಕಾಯ್ಬೇಕು. ಬೈದವನು ಆರಾಮಾಗಿ ಆಡ್ತಿರ್ತಾನೆ.

ನನ್ ತಮ್ಮ ವಾಯ್ಸ್ ಚೇಂಜರ್ ಹಾಕ್ಕೊ ಅಂತಾನೆ. ನಾನ್ಯಾಕೋ ಹಾಕ್ಕೊಳ್ಲಿ? ನಾನು "ಎ ಮೇನ್, ಇಬ್ರು" ಅಂತಷ್ಟೇ ಹೇಳೋದು, ನನ್ ದನೀಲೇ ಹೇಳ್ತೀನಿ.