ಸ್ಯಾಂಪಲ್ ಹೋದ ದಾರಿಯಲ್ಲೇ ಉತ್ತರವೂ ದಾವಣಗೆರೆಗೆ ಬರಬೇಕು

ಜಿನೋಮ್ (ಮೈಯ ಎಲ್ಲ ಜೀನ್‌ಗಳೂ ಸೇರಿದ ಪೂರ್ತಿ ಬರಹ), ಜೀನ್ ಥೆರಪಿ (ಸರಿಯಾದ ಜೀನ್ ಮೈಗೆ ಸೇರಿಸುವ ಚಿಕಿತ್ಸೆ) ಅಂದರೆ ಅದು ಅಮೆರಿಕದವರ ಮಾತು, ಬಹಳ ಅಂದರೆ ಬೆಂಗಳೂರಿನವರ ಮಾತು ಅಂತ ನಮ್ಮ ಕಡೆ ಜನ ಸುಮ್ಮನಾಗಿಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಈ ವಿಷಯದಲ್ಲಿ ಮಾತಾಡಲು ದಾವಣಗೆರೆಗೆ ಬೇರೆ ಎಷ್ಟೋ ಊರುಗಳಿಗಿಂತ ಜಾಸ್ತಿ ಹಕ್ಕಿದೆ.

ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಬೆಳೆದಿದ್ದು ಇಲ್ಲಿ. ಅದನ್ನು ಕಟ್ಟಿದವರು ಜೆಜೆಎಂ ಮೆಡಿಕಲ್ ಕಾಲೇಜಿನ ಪೆಥಾಲಜಿ ಪ್ರಾಧ್ಯಾಪಕ ಡಾ. ಸುರೇಶ್ ಹನಗವಾಡಿ. ಅವರಿಗೇ ಹಿಮೋಫಿಲಿಯಾ ಇದೆ. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9 ಮೈಯಲ್ಲಿ ಸಾಕಷ್ಟು ಇರುವುದಿಲ್ಲ. ಹೊರಗೆ ಗಾಯವೇ ಇಲ್ಲದೆ ಮಂಡಿಯೊಳಗೆ ರಕ್ತ ಒಸರುತ್ತದೆ. ಕೀಲು ಊದುತ್ತದೆ, ಮಗು ರಾತ್ರಿಯಿಡೀ ಅಳುತ್ತದೆ. ಸರಿಯಾದ ಹೊತ್ತಿಗೆ ಫ್ಯಾಕ್ಟರ್ ಇಂಜೆಕ್ಷನ್ ಸಿಗದಿದ್ದರೆ, ಇದೇ ಮತ್ತೆ ಮತ್ತೆ ಆಗಿ ಕಾಲು ಮಡಚಲು ಬಾರದಂತಾಗುತ್ತದೆ. ಫ್ಯಾಕ್ಟರ್ ದುಬಾರಿ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ವಿಶ್ವ ಹಿಮೋಫಿಲಿಯಾ ಒಕ್ಕೂಟ 1963ರಲ್ಲಿ ಶುರುವಾಯಿತು. ಫ್ಯಾಕ್ಟರ್ ಕೊಂಡುಕೊಳ್ಳಲು ಕಷ್ಟವಿರುವ ದೇಶಗಳಿಗೆ ಅದು ದಾನವಾಗಿ ಫ್ಯಾಕ್ಟರ್ ಕಳಿಸುತ್ತದೆ. ಭಾರತಕ್ಕೂ ಬರುತ್ತದೆ. ಅಂತಾರಾಷ್ಟ್ರೀಯ ಸಹಕಾರ ಅನ್ನುವ ದೊಡ್ಡ ಮಾತು ನನಗೆ ಅರ್ಥವಾಗುವುದು ಆ ಒಂದು ವಯಲ್‌ನಲ್ಲಿ.

ಆದರೆ ಫ್ಯಾಕ್ಟರ್ ಕೊಟ್ಟರೆ ಇವತ್ತಿನ ರಕ್ತಸ್ರಾವ ನಿಲ್ಲುತ್ತದೆ, ಅಷ್ಟೇ. ಮನೆಯವರ ಪ್ರಶ್ನೆ ಬೇರೆಯೇ ಇರುತ್ತದೆ. ಇದು ಯಾರಿಂದ ಬಂತು? ಮುಂದಿನ ಮಗುವಿಗೂ ಬರುತ್ತಾ? ನಾದಿನಿಯ ಮದುವೆ ಮಾಡಬಹುದಾ?

ಈ ಪ್ರಶ್ನೆಗಳ ಭಾರವನ್ನೆಲ್ಲ ಹೊರುವವಳು ತಾಯಿ. ಕಾಯಿಲೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳಲ್ಲಿ ಒಂದರಲ್ಲಿ. ಗಂಡುಮಗನಿಗೆ ಅದು ಬರುವುದು ತಾಯಿಯಿಂದ. ಇಷ್ಟು ಗೊತ್ತಾದರೆ ಸಾಕು, "ನಿನ್ನ ತವರಿನ ರೋಗ" ಅನ್ನಲು ಶುರು ಮಾಡುತ್ತಾರೆ. ನಮ್ಮ ನೆಂಟರ ಮನೆಯಲ್ಲೇ ಈ ಮಾತು ಕೇಳಿದ್ದೇನೆ. ಆ ಹೆಣ್ಣುಮಗಳು ತಲೆ ಎತ್ತಿ ಉತ್ತರ ಕೊಡಲಿಲ್ಲ. ಅವಳಿಗೆ ಉತ್ತರ ಹೇಳಿಕೊಟ್ಟವರೇ ಇರಲಿಲ್ಲ. ಸುಮಾರು ಮೂರರಲ್ಲಿ ಒಂದು ಭಾಗ ಕುಟುಂಬಗಳಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ, ಜೀನ್‌ನಲ್ಲಿ ಹೊಸದಾಗಿ ಆದ ಬದಲಾವಣೆಯಿಂದ ಬರುತ್ತದೆ. ತೀವ್ರವಾದ ಹಿಮೋಫಿಲಿಯಾ ಎ (ಫ್ಯಾಕ್ಟರ್ 8ರ ಕೊರತೆ) ಇರುವವರಲ್ಲಿ ಅರ್ಧದಷ್ಟು ಜನರಿಗೆ ಹತ್ತಿರ ಹತ್ತಿರ ಒಂದೇ ಬಗೆಯ ದೋಷ, ಜೀನ್‌ನ ಒಂದು ತುಂಡು ತಿರುವುಮುರುವಾಗಿ ಕೂತಿರುತ್ತದೆ. ಮಗನಲ್ಲಿ ದೋಷ ಯಾವುದು ಅಂತ ಗೊತ್ತಾದರೆ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮಂದಿರನ್ನು ಪರೀಕ್ಷೆ ಮಾಡಿ ಅವರಲ್ಲೂ ಅದು ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳಬಹುದು. ಆ ಒಂದು ರಿಪೋರ್ಟ್ ಒಂದು ಸಂಸಾರ ಉಳಿಸುತ್ತದೆ.

ಇನ್ನು ಚಿಕಿತ್ಸೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೊತೆ ಸೇರಿ ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ ಜೀನ್ ಥೆರಪಿ ಮಾಡಿದರು. ಅವರವರ ಕಾಂಡಕೋಶಗಳನ್ನೇ (ಹೊಸ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳು) ತೆಗೆದು, ಸರಿಯಾದ ಫ್ಯಾಕ್ಟರ್ 8 ಜೀನ್ ಸೇರಿಸಿ, ಮತ್ತೆ ಮೈಗೆ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಕೋಶಗಳು ಮೈಯಲ್ಲಿ ನೆಲೆಯೂರಿದ ಮೇಲೆ, ಗಮನಿಸಿದ ಅವಧಿಯಲ್ಲಿ ಐವರಿಗೂ ರಕ್ತಸ್ರಾವ ಆಗಲಿಲ್ಲ. ಐದೇ ಜನ, ನಿಜ. ಅದಕ್ಕೂ ಮೊದಲು ಕಠಿಣವಾದ ಕೀಮೋ ತಡೆದುಕೊಳ್ಳಬೇಕು, ಅದೂ ನಿಜ. ಆದರೂ ಅದನ್ನು ಓದಿದ ದಿನ ನನ್ನ ಕಣ್ಣು ತುಂಬಿ ಬಂತು. 2022ರಲ್ಲಿ ಅಮೆರಿಕ ಒಪ್ಪಿದ ಹಿಮೋಫಿಲಿಯಾ ಬಿ (ಫ್ಯಾಕ್ಟರ್ 9ರ ಕೊರತೆ) ಜೀನ್ ಥೆರಪಿಯ ಬೆಲೆ ಒಬ್ಬರಿಗೆ 35 ಲಕ್ಷ ಡಾಲರ್. ಹೊರದೇಶದಲ್ಲಿ ತಯಾರಾಗಿದ್ದನ್ನು ಕೊಳ್ಳುವುದಷ್ಟೇ ದಾರಿಯಾದರೆ ನಮ್ಮ ಮಕ್ಕಳಿಗೆ ಅದು ಯಾವತ್ತೂ ಸಿಗುವುದಿಲ್ಲ. ಜೊತೆಗೂಡಿ ಇಲ್ಲೇ ಮಾಡುವುದನ್ನು ಕಲಿತರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು.

ಸಹಕಾರ ಅಂದರೆ ಅವರು ಕೊಡುವುದು, ನಾವು ತೆಗೆದುಕೊಳ್ಳುವುದು ಅಂತಲ್ಲ. ಅವರಿಗೂ ನಾವು ಬೇಕು. 1990ರಿಂದ 2003ರವರೆಗೆ ಆರು ದೇಶಗಳು ಸೇರಿ ಮಾನವ ಜಿನೋಮ್ ಯೋಜನೆ ನಡೆಸಿದವು. ಅದರಲ್ಲಿ ಭಾರತ ಇರಲಿಲ್ಲ. ಆಮೇಲೆ ಜೀನ್ ಮತ್ತು ಕಾಯಿಲೆಯ ಸಂಬಂಧ ಹುಡುಕಿದ ಅಧ್ಯಯನಗಳಲ್ಲೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನ ಯುರೋಪ್ ಮೂಲದವರೇ. ಹಾಗಾಗಿ ನಮ್ಮವರ ರಿಪೋರ್ಟ್‌ನಲ್ಲಿ ಕಾಣುವ ಎಷ್ಟೋ ಬದಲಾವಣೆಗಳಿಗೆ "ಅರ್ಥ ಸ್ಪಷ್ಟವಿಲ್ಲ" ಅಂತ ಬರೆದು ಕಳಿಸುತ್ತಾರೆ. ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವ ಒಂದು ಜೀನ್ ದೋಷ ದಕ್ಷಿಣ ಏಷ್ಯಾದ ನೂರರಲ್ಲಿ ಸುಮಾರು ನಾಲ್ವರಲ್ಲಿದೆ. ಅದು 2009ರಲ್ಲಿ ಬೆಳಕಿಗೆ ಬಂದಿದ್ದು ಭಾರತದ ಮತ್ತು ಹೊರಗಿನ ವಿಜ್ಞಾನಿಗಳು ಸೇರಿ ನಮ್ಮವರ ರಕ್ತವನ್ನೇ ನೋಡಿದಾಗ. ನಮ್ಮ ಪೇಟೆಯಲ್ಲೂ ಇರುವ ವೈಶ್ಯ ಸಮುದಾಯದ ಕೆಲವರಿಗೆ ಅರಿವಳಿಕೆಯ ಜೊತೆ ಕೊಡುವ ಒಂದು ಔಷಧ ಬೇಗ ಇಳಿಯುವುದಿಲ್ಲ, ಉಸಿರಾಟದ ಸ್ನಾಯುಗಳು ಬಹಳ ಹೊತ್ತು ಕೆಲಸ ಮಾಡುವುದಿಲ್ಲ. ಮೊದಲೇ ಗೊತ್ತಿದ್ದರೆ ಡಾಕ್ಟರು ಬೇರೆ ಔಷಧ ಕೊಡುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯೂ ನಮ್ಮಲ್ಲಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತದೆ. ಹಿಮೋಫಿಲಿಯಾಗೆ ಇದು ಕಾರಣವಲ್ಲ, ಆದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ದಾರಿ ಮಾಡಿಕೊಡುತ್ತದೆ.

ಜಿನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜಿನೋಮ್ ಓದಿ, 2025ರ ಜನವರಿಯಲ್ಲಿ ಫರೀದಾಬಾದ್‌ನ ಜೈವಿಕ ಮಾಹಿತಿ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿದ್ದಾರೆ. ಅದರ ಮುಂದಾಳತ್ವ ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ್ದು. ಒಳ್ಳೆಯ ಕೆಲಸ. "ನಮ್ಮ ರಕ್ತದ ಮಾಹಿತಿ ವಿದೇಶಕ್ಕೆ ಯಾಕೆ?" ಅಂತ ಸಿಟ್ಟಾಗುವವರ ಭಯ ನನಗೂ ಅರ್ಥವಾಗುತ್ತದೆ. ಮಾಹಿತಿ ನಮ್ಮ ಕಂಪ್ಯೂಟರಿನಲ್ಲೇ ಇದ್ದು, ಹೊರಗಿನವರು ಪ್ರಶ್ನೆ ಕಳಿಸಿ ಲೆಕ್ಕದ ಉತ್ತರ ಮಾತ್ರ ಪಡೆಯುವ ವಿಧಾನ ಈಗ ಇದೆ. ಹಾಗೆ ಮಾಡಲಿ. ಬಾಗಿಲನ್ನೇ ಹಾಕಿಕೊಂಡರೆ ನಷ್ಟ ನಮಗೇ.

ನನ್ನ ಷರತ್ತು ಒಂದೇ. ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ರಕ್ತ ತೆಗೆದುಕೊಂಡು ಹೋಗುವ ಪ್ರತಿ ಯೋಜನೆಯ ಬಜೆಟ್‌ನಲ್ಲೂ ಆ ಮನೆಗೆ ಉತ್ತರ ತಲುಪಿಸುವ ಖರ್ಚು ಇರಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಪೂರ್ಣಾವಧಿಯ ಜೆನೆಟಿಕ್ ಕೌನ್ಸೆಲರ್ ಬೇಕು. ರಿಪೋರ್ಟ್ ಹಿಡಿದು, ಅತ್ತೆ, ಮಾವ, ಗಂಡ ಎಲ್ಲರನ್ನೂ ಕೂರಿಸಿ, ಕನ್ನಡದಲ್ಲಿ ಬಿಡಿಸಿ ಹೇಳುವವರು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬರುವ ತಾಯಿ ಇದಕ್ಕಾಗಿ ಬೆಂಗಳೂರಿನ ಬಸ್ ಹತ್ತುವಂತಾಗಬಾರದು. ಎರಡೂ ಜಿಲ್ಲೆಯ ಶಾಸಕರು, ಸಂಸದರು ಈ ಎರಡು ಹುದ್ದೆಗಳನ್ನು ಕೇಳಿ ಪಡೆಯಲಿ. ಹಿಮೋಫಿಲಿಯಾ ಇರುವ ಮಕ್ಕಳ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಗನ ಜೀನ್ ಪರೀಕ್ಷೆ ಆಗಿದೆಯಾ, ಆ ರಿಪೋರ್ಟ್ ನಿಮ್ಮ ಕೈಯಲ್ಲಿದೆಯಾ ಅಂತ ಮುಂದಿನ ಸಲ ಡಾಕ್ಟರನ್ನು ಕೇಳಿ. ಮನೆಯ ಹೆಣ್ಣುಮಕ್ಕಳಿಗೆ ಅದರ ಒಂದು ಪ್ರತಿ ಕೊಡಿ.