ಯಾವ ಇಪ್ಪತ್ತೈದು?

ಫೆಬ್ರವರಿ ಕೊನೆಯ ವಾರ. ರೊಬಸ್ಟಾ ಕಾಫಿಯ ಮೊಗ್ಗು ನೀರಿಗಾಗಿ ಕಾದು ನಿಂತಿತ್ತು. ಸಕಲೇಶಪುರದ ಆಚೆಗಿನ ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸುವ ಎಂಜಿನ್ ಮಾತ್ರ ಬಿಚ್ಚಿ ಹರಡಿಕೊಂಡಿತ್ತು. ಕೈಪಿಡಿಯಲ್ಲಿ ಬೋಲ್ಟ್ ಬಿಗಿಯಬೇಕಾದ ಟಾರ್ಕ್, ಅಂದರೆ ತಿರುಚುವ ಬಲ, 25 ನ್ಯೂಟನ್-ಮೀಟರ್ ಎಂದಿತ್ತು. ಮೆಕ್ಯಾನಿಕ್ ಹುಡುಗ ರೆಂಚನ್ನು 25ಕ್ಕೆ ಇಟ್ಟು ತಿರುಗಿಸಿದ. ಮೂರನೆಯ ಬೋಲ್ಟಿಗೆ ಅಲ್ಯುಮಿನಿಯಂ ಥ್ರೆಡ್ ಕಿತ್ತುಕೊಂಡು ಬಂತು. "ಇಪ್ಪತ್ತೈದಕ್ಕೇ ಇಟ್ಟಿದ್ದೆ ಸಾರ್" ಎಂದ. ಸುಳ್ಳಲ್ಲ. ಆದರೆ ಅವನ ರೆಂಚಿನ ಅಂಕಿ ಪೌಂಡ್-ಅಡಿಯದು. 25 ಪೌಂಡ್-ಅಡಿ ಎಂದರೆ ಸುಮಾರು 34 ನ್ಯೂಟನ್-ಮೀಟರ್. ಬೈಯಲು ನನಗೆ ಬಾಯಿ ಬರಲಿಲ್ಲ. ಕೈಪಿಡಿ ಓದಿ ಬರೀ "ಇಪ್ಪತ್ತೈದು" ಎಂದು ಕೂಗಿ ಹೇಳಿದವನು ನಾನೇ.

ಇಂಗ್ಲಿಷರ ಅಳತೆಯನ್ನು ಶಪಿಸುವುದು ಸುಲಭ. ನನ್ನ ತಕರಾರು ಗುಣಾಕಾರದ ಬಗ್ಗೆ ಅಲ್ಲ, ಹೆಸರಿನ ಬಗ್ಗೆ. ಒಂದು ಕಿಲೋಗೆ 2.2046 ಪೌಂಡ್ ಎಂಬುದು ಕಾಫಿ ಬೆಳೆಗಾರರಿಗೆ ಬಾಯಿಪಾಠ. ನ್ಯೂಯಾರ್ಕಿನ ಅರೇಬಿಕಾ ದರ ಬರುವುದೇ ಪೌಂಡಿಗೆ ಇಷ್ಟು ಸೆಂಟ್ ಎಂದು. ಅದು ದ್ರವ್ಯರಾಶಿಯ, ಅಂದರೆ ವಸ್ತು ಎಷ್ಟಿದೆ ಎಂಬುದರ ಲೆಕ್ಕ, ಅಲ್ಲಿ ಯಾರೂ ಎಡವುವುದಿಲ್ಲ. ಆದರೆ ಅದೇ ಪೌಂಡ್ ಬಲಕ್ಕೂ ಹೆಸರು. ಪೌಂಡ್ ಬಲವನ್ನು ನ್ಯೂಟನ್ ಮಾಡಬೇಕಾದರೆ ಪೌಂಡನ್ನು ಕಿಲೋ ಮಾಡುವ 0.4536 ಸಾಲದು, ಅದನ್ನು ಗುರುತ್ವದ 9.80665ರಿಂದಲೂ ಗುಣಿಸಬೇಕು, ಆಗ 4.448 ಬರುತ್ತದೆ. ನಾವೇನು ಕಡಿಮೆಯೇ? ಕಂಪ್ರೆಸರ್ ಮುಂದೆ ನಿಂತು "ಆರು ಕೆಜಿ ಗಾಳಿ" ಎನ್ನುತ್ತೇವೆ. ಅದು ಚದರ ಸೆಂಟಿಮೀಟರಿಗೆ ಆರು ಕೆಜಿ ಬಲ. ದ್ರವ್ಯರಾಶಿ ಎಂಬ ಪದವನ್ನು ಶಾಲೆಯ ಪರೀಕ್ಷೆಯ ಹೊರಗೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಥ್ರೆಡ್ ಸರಿಮಾಡಿಸಲು ಹಾಸನದ ಲೇತ್ ಅಂಗಡಿಗೆ ಹೋದೆ. ಅದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಿಂದ. ಭೂಸ್ಥಿರ ಕಕ್ಷೆಗೆ ಏರಿಸಲು ಉಪಗ್ರಹದ ಎಂಜಿನ್ ಉರಿಸುವ ಆದೇಶ ಅಲ್ಲಿಂದ ಹೋಗುತ್ತದೆ. ಆ ಎಂಜಿನ್‌ನ ನೂಕುಬಲ 440 ನ್ಯೂಟನ್. ನಮ್ಮ ಭಾಷೆಯಲ್ಲಿ 45 ಕಿಲೋ ಭಾರ, ಒಂದು ಕಾಫಿ ಮೂಟೆಗಿಂತಲೂ ಕಡಿಮೆ! ಟನ್ನುಗಟ್ಟಲೆ ಉಪಗ್ರಹವನ್ನು ಅಷ್ಟರಿಂದಲೇ ಗಂಟೆಗಟ್ಟಲೆ ನೂಕಿ ನೂಕಿ ಮೇಲೇರಿಸುತ್ತಾರೆ. ಇಂಥ ಕಡೆ ಏಕಮಾನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾಸಾ 1999ರ ಸೆಪ್ಟೆಂಬರಿನಲ್ಲಿ ಕಂಡಿತು. ಮಂಗಳನತ್ತ ಹೋದ ನೌಕೆ ಕ್ಲೈಮೇಟ್ ಆರ್ಬಿಟರ್‌ನ ಚಿಕ್ಕ ಎಂಜಿನ್‌ಗಳ ನೂಕಿನ ಲೆಕ್ಕವನ್ನು (ಬಲವನ್ನು ಕಾಲದಿಂದ ಗುಣಿಸಿದ್ದು) ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಎಂದೇ ಓದಿಕೊಂಡಿತು. 4.45 ಪಟ್ಟು ವ್ಯತ್ಯಾಸ. ನೌಕೆ ಮಂಗಳಕ್ಕೆ ತೀರಾ ಹತ್ತಿರ ಹೋಗಿ ಕಳೆದೇ ಹೋಯಿತು. ಅಲ್ಲಿಯೂ ಯಾರೋ ನನ್ನಂತೆಯೇ ಬರೀ ಅಂಕಿ ಕೂಗಿರಬೇಕು.

ಇದನ್ನೆಲ್ಲ ಲೇತ್ ಅಂಗಡಿಯವರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದಿರಲಿ ಸಾರ್, ಥ್ರೆಡ್ ಎಂಟು ಎಂಎಂನದೋ, ಐದು ಬೈ ಹದಿನಾರು ಇಂಚಿನದೋ?" ಎಂದರು. ಕಣ್ಣಿಗೆ ಎರಡೂ ಒಂದೇ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಕೈಪಿಡಿ ತೋಟದಲ್ಲೇ ಉಳಿದಿತ್ತು.