ಹರಳೆಣ್ಣೆ ಕುಡಿಯುವ ವಿಮಾನ

ಲೀಟರುಗಟ್ಟಲೆ ಹರಳೆಣ್ಣೆ ಕೊಳ್ಳುವ ಮನುಷ್ಯನನ್ನು ಕಂಡರೆ ದಾವಣಗೆರೆಯಂಥ ಊರಿನಲ್ಲಿ ಯಾರಿಗಾದರೂ ಮೊದಲು ಹುಟ್ಟುವುದು ಕನಿಕರ. ಗಾಣದೆಣ್ಣೆಯ ಅಂಗಡಿಯ ಯಜಮಾನರು ನನ್ನ ಕ್ಯಾನಿಗೆ ಎಣ್ಣೆ ಸುರಿಯುತ್ತಾ, ಪಕ್ಕದ ಗಿರಾಕಿಗೆ ಕೇಳಿಸದಷ್ಟು ದನಿ ತಗ್ಗಿಸಿ, "ಎಷ್ಟು ದಿನದಿಂದ ಐತ್ರೀ ತೊಂದರೆ?" ಎಂದು ವಿಚಾರಿಸಿದರು. "ನನಗಲ್ಲ ಯಜಮಾನ್ರೇ, ವಿಮಾನಕ್ಕೆ" ಎಂದೆ. ಅವರು ಸುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೊಮ್ಮೆ ನೋಡಿದರು. ತೊಂದರೆ ಇರುವುದು ಹೊಟ್ಟೆಯಲ್ಲಲ್ಲ, ಅದಕ್ಕಿಂತ ಸಾಕಷ್ಟು ಮೇಲೆ ಎಂದು ತೀರ್ಮಾನಿಸಿದವರಂತೆ, ಉಳಿದ ಎಣ್ಣೆಯನ್ನು ಬೇಗ ಬೇಗ ಸುರಿದು ನನ್ನನ್ನು ಕಳುಹಿಸಿಕೊಟ್ಟರು.

ನನ್ನ ವಿಮಾನ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಇಳಿಯುವಂಥದ್ದಲ್ಲ. ಬಾಲ್ಸಾ ಎಂಬ ಹಗುರ ಮರದ ಹಾಳೆಗಳನ್ನು ಕತ್ತರಿಸಿ, ಅಂಟಿಸಿ, ಮೇಲೆ ತೆಳುವಾದ ಕಾಗದ ಹೊದಿಸಿ ಮಾಡಿದ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಮೀಟರಿನಷ್ಟಿರುವ, ತೂಕದಲ್ಲಿ ಮುಕ್ಕಾಲು ಕಿಲೋ ದಾಟದ ಕಂಟ್ರೋಲ್ ಲೈನ್ ವಿಮಾನವದು. ಅದರ ಎಡ ರೆಕ್ಕೆಯಿಂದ ಹೊರಟ ಎರಡು ಸಪೂರ ಉಕ್ಕಿನ ತಂತಿಗಳು 16 ಮೀಟರು ಸಾಗಿ ಬಂದು ನನ್ನ ಕೈಯಲ್ಲಿರುವ ಹಿಡಿಕೆಯನ್ನು ಸೇರುತ್ತವೆ. ಹಿಡಿಕೆಯನ್ನು ನನ್ನ ಕಡೆಗೆ ವಾಲಿಸಿದರೆ ಮೇಲಿನ ತಂತಿ ಎಳೆಯುತ್ತದೆ, ವಿಮಾನದ ಹೊಟ್ಟೆಯೊಳಗಿರುವ ಬೆಲ್‌ಕ್ರ್ಯಾಂಕ್ ಎಂಬ ತುಂಡು ತಿರುಗುತ್ತದೆ, ಅದಕ್ಕೆ ಸಿಕ್ಕಿಸಿದ ಕಡ್ಡಿ ಬಾಲದಲ್ಲಿರುವ ಎಲಿವೇಟರ್ ಎಂಬ ಮೇಲೆ ಕೆಳಗೆ ಆಡುವ ಪಟ್ಟಿಯನ್ನು ಎತ್ತುತ್ತದೆ, ವಿಮಾನ ಮೇಲೇರುತ್ತದೆ. ಅತ್ತ ವಾಲಿಸಿದರೆ ಇದೆಲ್ಲವೂ ತಿರುಗುಮುರುಗಾಗಿ ಅದು ಕೆಳಗಿಳಿಯುತ್ತದೆ. ಎಡಕ್ಕೆ ಬಲಕ್ಕೆ ಹೋಗುವ ಸ್ವಾತಂತ್ರ್ಯ ಅದಕ್ಕಿಲ್ಲ. ನನ್ನನ್ನು ನಡುವೆ ನಿಲ್ಲಿಸಿಕೊಂಡು ಸುತ್ತುವುದೊಂದೇ ಅದರ ಕೆಲಸ, ಅದರ ಮುಖ ನೋಡುತ್ತಾ ನಾನೂ ಸುತ್ತುವುದು ನನ್ನ ಕೆಲಸ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ ಏರ್ ವಿಂಗ್ ಸೇರಿದ್ದಾಗ ಹತ್ತಿದ ಈ ಚಾಳಿ, ಯೂನಿಫಾರಂ ಬಿಚ್ಚಿಟ್ಟು ದಶಕಗಳಾದರೂ ಬಿಟ್ಟಿಲ್ಲ.

ಮತ್ತೆ ಹರಳೆಣ್ಣೆಗೆ ಬರೋಣ. ನನ್ನದು 2.5 ಸಿಸಿಯ ಪುಟ್ಟ ಡೀಸೆಲ್ ಎಂಜಿನ್. ಹೆಸರಿಗೆ ಡೀಸೆಲ್ ಎಂದಿದ್ದರೂ ಅದಕ್ಕೆ ಬೇಕಾದದ್ದು ಯಾವ ಬಂಕಿನಲ್ಲೂ ಸಿಗುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಈ ಮೂರನ್ನೂ ಹೆಚ್ಚುಕಡಿಮೆ ಸಮಪಾಲಾಗಿ ಬೆರೆಸಿ ಕುಡಿಸಬೇಕು. ಸ್ಪಾರ್ಕ್ ಪ್ಲಗ್ ಇಲ್ಲದ ಈ ಎಂಜಿನ್ನಿನಲ್ಲಿ ಒತ್ತಡದ ಬಿಸಿಗೇ ಹೊತ್ತಿಕೊಳ್ಳುವುದು ಈಥರ್. ಉರಿದು ಶಕ್ತಿ ಕೊಡುವುದು ಸೀಮೆಎಣ್ಣೆ. ಒಳಗಿನ ಲೋಹ ಸವೆಯದಂತೆ ಕಾಯುವುದು ಹರಳೆಣ್ಣೆ. ಈ ಮೂರನೆಯದು ಬಹುಪಾಲು ಉರಿಯದೆಯೇ ಹೊರಬಂದು ವಿಮಾನದ ಮೈಗೆ, ತಂತಿಗೆ, ನನ್ನ ಅಂಗಿಗೆ ಧಾರಾಳವಾಗಿ ಅಭಿಷೇಕ ಮಾಡುತ್ತದೆ. ಚಿಕ್ಕಂದಿನಲ್ಲಿ ಬಲವಂತವಾಗಿ ಹರಳೆಣ್ಣೆ ಕುಡಿಸಿಕೊಂಡ ನಮ್ಮ ಅತ್ತೆಯವರಿಗೆ ಆ ಅಂಗಿಯ ವಾಸನೆ ಬಾಗಿಲಿನಲ್ಲಿ ಬಡಿದರೆ ಸಾಕು, ತಕ್ಷಣ ದೇವಸ್ಥಾನಕ್ಕೆ ಹೋಗಬೇಕಾದ ಕೆಲಸ ನೆನಪಾಗುತ್ತದೆ.

ಈಥರಿನ ಕಷ್ಟ ಬೇರೆ. ಕಾಲೇಜುಗಳ ಪ್ರಯೋಗಾಲಯಗಳಿಗೆ ರಾಸಾಯನಿಕ ಒದಗಿಸುವ ಅಂಗಡಿಯವರು "ಯಾವ ಕಾಲೇಜು ಸಾರ್?" ಎಂದು ಕೇಳಿದಾಗ ನಿಜ ಹೇಳಿದರೆ ಅದು ಸಿಗುವುದು ಕಷ್ಟ. ಸಿಕ್ಕರೂ ಉಳಿಯುವುದು ಇನ್ನೂ ಕಷ್ಟ. ಈಥರ್ ಕುದಿಯಲು 34.6 ಡಿಗ್ರಿ ಸೆಲ್ಸಿಯಸ್ ಸಾಕು, ದಾವಣಗೆರೆಯ ಏಪ್ರಿಲ್ ತಿಂಗಳು ಅದನ್ನು ಬೆಳಗಿನ ತಿಂಡಿಯ ಹೊತ್ತಿಗೇ ಮುಟ್ಟಿರುತ್ತದೆ. ಫ್ರಿಜ್ಜಿನಲ್ಲಿ ಇಡೋಣವೆಂದರೆ ಅದರೊಳಗಿನ ಸ್ವಿಚ್ಚಿನ ಒಂದು ಕಿಡಿಗೆ ಫ್ರಿಜ್ಜೇ ವಿಮಾನವಾಗಿ ಹೋದೀತು. ಆದ್ದರಿಂದ ಬೇಸಿಗೆಯಲ್ಲಿ ಎಷ್ಟೇ ಬಿಗಿಯಾಗಿ ಮುಚ್ಚಿಟ್ಟರೂ, ಮೈದಾನದಲ್ಲಿ ಮುಚ್ಚಳ ತಿರುಗಿಸಿದ ಕೂಡಲೇ ಬಾಟಲಿ 'ಬುಸ್' ಎನ್ನುತ್ತದೆ, ಈಥರ್ ಊರು ಬಿಟ್ಟು ಹೋಗಿರುತ್ತದೆ. ಉಳಿದ ಮಿಶ್ರಣ ದೀಪಕ್ಕೂ ಆದೀತು, ಹೊಟ್ಟೆಗೂ ಆದೀತು, ಎಂಜಿನ್ನಿಗೆ ಮಾತ್ರ ಆಗುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಪ್ರೊಪೆಲ್ಲರನ್ನು ಬೆರಳಿನಿಂದ ತಿರುವಿ ತಿರುವಿ ಆ ಬೆರಳಿನ ಪರಿಸ್ಥಿತಿ ಹೇಳತೀರದಂತಾಗಿರುತ್ತದೆ.

ವಿಮಾನ ಕಟ್ಟುವುದು ಮನೆಯಲ್ಲಿ, ಅದರಲ್ಲೂ ಊಟದ ಮೇಜಿನ ಮೇಲೆ, ಏಕೆಂದರೆ ಮನೆಯಲ್ಲಿ ಅಷ್ಟು ಮಟ್ಟಸವಾದ ಜಾಗ ಇನ್ನೊಂದಿಲ್ಲ. ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಅದರ ಮೇಲೆ ಒಂದು ಮಿಲಿಮೀಟರಿನಷ್ಟು ದಪ್ಪದ ರಿಬ್ಬುಗಳನ್ನು, ಎಂದರೆ ರೆಕ್ಕೆಯ ಪಕ್ಕೆಲುಬುಗಳನ್ನು, ಸಾಲಾಗಿ ಜೋಡಿಸಿ ಇನ್ನೇನು ಅಂಟು ಹಚ್ಚಬೇಕು ಎನ್ನುವಷ್ಟರಲ್ಲಿ ಊರಿನಿಂದ ಬಂದಿದ್ದ ನಮ್ಮ ಮಾವನವರು, "ಏನು ಸೆಖೆ ಮಾರಾಯರೇ" ಎನ್ನುತ್ತಾ ಒಳಗೆ ಬಂದು ಫ್ಯಾನಿನ ಸ್ವಿಚ್ ಒತ್ತಿದರು. ಆ ವಿಮಾನದ ಮೊದಲ ಹಾರಾಟ ನಡೆದದ್ದು ಹೀಗೆ, ನಮ್ಮ ಊಟದ ಕೋಣೆಯಲ್ಲಿ, ಬಿಡಿಬಿಡಿಯಾಗಿ. ಬಹುಪಾಲು ರಿಬ್ಬುಗಳು ಸೋಫಾದ ಹಿಂದೆ ಸಿಕ್ಕವು. ಒಂದು ಮಾತ್ರ ಸಂಜೆ ಮುಚ್ಚಳ ತೆರೆದಿಟ್ಟಿದ್ದ ಹಪ್ಪಳದ ಡಬ್ಬಿಯಲ್ಲಿ ಪತ್ತೆಯಾಯಿತು. ಅದರ ತುದಿಯಲ್ಲಿ ಹಲ್ಲಿನ ಗುರುತಿತ್ತು. ಮಾವನವರು ಆ ವಿಷಯವನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಿಬ್ಬಿನ ಗಾಯಕ್ಕೆ ಒಂದು ತೇಪೆ ಹಾಕಿ ಅದನ್ನು ಅದರ ಸ್ಥಾನದಲ್ಲೇ ಕೂರಿಸಿದೆ. ಕಾಗದವನ್ನು ಬಿಗಿಗೊಳಿಸಲು ಬಳಿಯುವ ಡೋಪ್ ಎಂಬ ದ್ರವದ ವಾಸನೆ ಹತ್ತು ಬಾಟಲಿ ಉಗುರುಬಣ್ಣವನ್ನು ಒಟ್ಟಿಗೇ ತೆರೆದಿಟ್ಟಂತಿರುತ್ತದೆ ಎಂಬುದನ್ನು ಬಿಟ್ಟರೆ, ಮನೆಯವರ ದೂರುಗಳ ಪೈಕಿ ಮುದ್ರಿಸಲು ಯೋಗ್ಯವಾದದ್ದು ಇನ್ನೇನೂ ಇಲ್ಲ.

ತಂತಿಗಳ ಭಾರವೆಲ್ಲ ಎಡ ರೆಕ್ಕೆಯ ಕಡೆ ಇರುವುದರಿಂದ ಅದನ್ನು ಸರಿದೂಗಿಸಲು ಬಲ ರೆಕ್ಕೆಯ ತುದಿಯೊಳಗೆ ಸ್ವಲ್ಪ ತೂಕ ಇಡುವುದು ಈ ವಿದ್ಯೆಯ ನಿಯಮ. ಸೀಸದ ಚೂರು ಹುಡುಕಿಕೊಂಡು ಹೋಗುವವರು ಯಾರು? ನಾನು ಐದು ರೂಪಾಯಿಯ ಎರಡು ನಾಣ್ಯಗಳನ್ನು ಅಂಟಿಸಿದ್ದೆ. ವಿಮಾನ ಒಮ್ಮೆ ನೆಲಕ್ಕೆ ಬಡಿದು ರೆಕ್ಕೆ ಸೀಳಿದಾಗ ಆ ನಾಣ್ಯಗಳು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಕಣ್ಣಿಗೆ ಬಿದ್ದವು. ಈ ಯಜಮಾನರ ವಿಮಾನ ಬಿದ್ದರೆ ದುಡ್ಡು ಉದುರುತ್ತದೆ ಎಂಬ ಸುದ್ದಿ ಹಬ್ಬಿದ ಮೇಲೆ ನನಗೆ ಪ್ರೇಕ್ಷಕರ ಕೊರತೆಯಾಗಿಲ್ಲ. ಅವರು ಯಾವುದಕ್ಕಾಗಿ ಕಾಯುತ್ತಿರುತ್ತಾರೆ ಎಂಬುದೊಂದೇ ಮನಸ್ಸಿಗೆ ಅಷ್ಟು ಸಮಾಧಾನ ಕೊಡುವುದಿಲ್ಲ.

ಮೈದಾನದ ಇನ್ನೊಂದು ಸಮಸ್ಯೆ ಸಂಭಾಷಣೆ. ವಿಮಾನ ಗಂಟೆಗೆ 70 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ 100 ಮೀಟರಿನ ಸುತ್ತನ್ನು ಐದು ಸೆಕೆಂಡಿನಲ್ಲಿ ಮುಗಿಸುತ್ತದೆ. ಟ್ಯಾಂಕಿನಲ್ಲಿ ಇಂಧನ ಇರುವಷ್ಟು ಹೊತ್ತು ಅದನ್ನು ನಿಲ್ಲಿಸುವ ಉಪಾಯವಿಲ್ಲ, ಅದರಿಂದ ಕಣ್ಣು ಕೀಳುವಂತೆಯೂ ಇಲ್ಲ. ಹೀಗಿರುವಾಗ ಬೆಳಗಿನ ವಾಕಿಂಗಿಗೆ ಬಂದಿದ್ದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ವೃತ್ತದ ಹೊರಗೆ ನಿಂತು "ಎಷ್ಟಾಯ್ತು ಸಾರ್ ಇದಕ್ಕೆ?" ಎಂದು ಕೂಗಿದರು. ಅವರು ನನ್ನ ಕಣ್ಣಿಗೆ ಬೀಳುವುದು ಸುತ್ತಿಗೊಮ್ಮೆ, ಅದೂ ಒಂದು ಕ್ಷಣ. ಒಂದು ಸುತ್ತಿನಲ್ಲಿ "ಆಮೇಲೆ" ಎಂದೆ, ಮುಂದಿನ ಸುತ್ತಿನಲ್ಲಿ "ಹೇಳ್ತೀನಿ" ಎಂದೆ, ಅದರ ಮುಂದಿನದರಲ್ಲಿ "ಹತ್ರ ಬರಬೇಡಿ" ಎಂದೆ. ಅವರಿಗೆ ಕೇಳಿಸಿದ್ದು "ಹತ್ರ ಬನ್ನಿ" ಎಂಬಷ್ಟೇ ಇರಬೇಕು. ಮಾತಾಡುವವರ ಮುಖ ನೋಡಿಯೇ ಮಾತಾಡಬೇಕೆಂಬ ಹಳೆಯ ಕಾಲದ ಮರ್ಯಾದೆಯ ಆ ಹಿರಿಯರು, ನಾನು ತಿರುಗಿದತ್ತ ತಾವೂ ಬರಲೆಂದು ವೃತ್ತದ ಅಂಚಿನಲ್ಲಿ ಬಿರಬಿರನೆ ನಡೆಯಲಾರಂಭಿಸಿದರು. ವಿಮಾನ ಅವರ ಬೆನ್ನ ಹಿಂದಿನಿಂದ ಬಂದಾಗಲೆಲ್ಲ ನಾನು ಹಿಡಿಕೆ ವಾಲಿಸಿ ಅದನ್ನು ಅವರ ತಲೆಯ ಮೇಲೆ ಸಾಕಷ್ಟು ಎತ್ತರದಲ್ಲಿ ದಾಟಿಸಬೇಕಾಯಿತು. ಇದನ್ನು ಅವರು ತಮಗೆ ತೋರಿಸಿದ ವಿಶೇಷ ಪ್ರದರ್ಶನವೆಂದು ಭಾವಿಸಿ ಚಪ್ಪಾಳೆ ತಟ್ಟಿದರು.

ಸಹಾಯಕರಿಲ್ಲದೆ ಈ ಹವ್ಯಾಸ ನಡೆಯುವುದಿಲ್ಲ. ನಾನು ನಡುವೆ ಹಿಡಿಕೆ ಹಿಡಿದು ನಿಂತಾಗ ಅತ್ತ ಓಡುವ ಎಂಜಿನ್ನಿನ ವಿಮಾನವನ್ನು ಹಿಡಿದು, ಸನ್ನೆ ಮಾಡಿದಾಗ ಬಿಡುವವರೊಬ್ಬರು ಬೇಕು. ನನ್ನ ಭಾವಮೈದುನ ಆ ಹುದ್ದೆಗೆ ತಾನಾಗಿ ಬಂದ. ಎಂಜಿನಿಯರಿಂಗ್ ಓದಿದವನಾದ್ದರಿಂದ ತಂತಿ ಸಿಕ್ಕಿಸುವ ಕೆಲಸವನ್ನು ಅವನೇ ವಹಿಸಿಕೊಂಡು, ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಿಕ್ಕಿಸಿ, "ಚೆಕ್ ಮಾಡಿದೀನಿ ಭಾವ, ಓಕೆ" ಎಂದ. ಬಿಡು ಎಂದೆ, ಬಿಟ್ಟ. ಚಕ್ರಗಳು ನೆಲ ಬಿಟ್ಟವು. ಮೇಲೆ ಹೋಗು ಎಂದು ಹಿಡಿಕೆ ವಾಲಿಸಿದರೆ ಅದು ಮೂತಿ ಕೆಳಗೆ ಮಾಡಿತು. ಮೂತಿ ಕೆಳಗಾಯಿತಲ್ಲ ಎಂದು ಕೈ ತಾನಾಗಿಯೇ ಇನ್ನಷ್ಟು ವಾಲಿತು, ಅದು ಇನ್ನಷ್ಟು ವಿಧೇಯತೆಯಿಂದ ನೆಲಕ್ಕೆ ನುಗ್ಗಿತು. ಇಷ್ಟೆಲ್ಲ ಒಂದು ಸೆಕೆಂಡಿನೊಳಗಿನ ಮಾತು. ಮಣ್ಣಿನಲ್ಲಿ ಹೂತ ಎಂಜಿನ್ನನ್ನು ಅಗೆದು ತೆಗೆಯುತ್ತಿದ್ದಾಗ ಅವನು ಪಕ್ಕದಲ್ಲಿ ಕೂತು, "ನೀವು ಹೇಳಿದಾಗಲೇ ಬಿಟ್ಟೆ ಅಲ್ವಾ ಭಾವ?" ಎಂದು ಖಚಿತಪಡಿಸಿಕೊಂಡ. ಅಷ್ಟರಲ್ಲಿ ಹುಡುಗರು ನಾಣ್ಯ ಹುಡುಕಿ ಮುಗಿಸಿದ್ದರು.

ಇಷ್ಟು ಫಜೀತಿಯ ವಸ್ತುವಿಗೂ ಜನ ಕೋರ್ಟು ಹತ್ತಿದ್ದಾರೆ. ಅಮೆರಿಕದ ಆರಿಗನ್ ರಾಜ್ಯದ ಜಿಮ್ ವಾಕರ್ ಎಂಬಾತ 1940ರ ಸುಮಾರಿಗೆ ಇದನ್ನು ಮಾರುಕಟ್ಟೆಗೆ ತಂದು, ಪೇಟೆಂಟ್ ಪಡೆದು, ಮುಂದೆ ಕಾಕ್ಸ್ ಎಂಬ ತಯಾರಕನ ಮೇಲೆ ದಾವೆ ಹೂಡಿದ. ಆದರೆ ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಎಂಬಾತ ಅದಕ್ಕೂ ಮೊದಲೇ ತಂತಿ ಕಟ್ಟಿದ ವಿಮಾನ ಹಾರಿಸಿದ್ದನೆಂಬುದು 1955ರಲ್ಲಿ ನ್ಯಾಯಾಲಯದ ಮುಂದೆ ಬಂದು ಪೇಟೆಂಟ್ ಬಿದ್ದುಹೋಯಿತು. ನನಗೆ ವಾಕರ್ ಇಷ್ಟವಾಗುವುದು ಬೇರೆ ಕಾರಣಕ್ಕೆ. ಆತ ಒಂದೊಂದು ಕೈಯಲ್ಲಿ ಒಂದೊಂದು, ತಲೆಗೆ ಕಟ್ಟಿಕೊಂಡು ಇನ್ನೊಂದು, ಹೀಗೆ ಏಕಕಾಲಕ್ಕೆ ಮೂರು ವಿಮಾನ ಹಾರಿಸಿ ತೋರಿಸುತ್ತಿದ್ದ. ಇದನ್ನು ಮನೆಯಲ್ಲಿ ಉತ್ಸಾಹದಿಂದ ವಿವರಿಸಿದಾಗ ನನ್ನಾಕೆ, "ಆತನಿಗೆ ಮದುವೆಯಾಗಿತ್ತೇ?" ಎಂದಷ್ಟೇ ಕೇಳಿದಳು.

ಡ್ರೋನುಗಳು ಸಿಗುವ ಕಾಲದಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಡ್ರೋನನ್ನು ಕಣ್ಣಿನಿಂದ ನೋಡಬಹುದು, ಕೈಯಿಂದ ಅರಿಯಲಾಗದು. ಮುಕ್ಕಾಲು ಕಿಲೋದ ನನ್ನ ವಿಮಾನ ಸುತ್ತುವಾಗ ತಂತಿಯಲ್ಲಿ ಸುಮಾರು ಎರಡು ಕಿಲೋ ತೂಗುತ್ತದೆ. ಗಾಳಿಯ ಒಂದು ಬೀಸು ತಗುಲಿದರೆ ಅದು ಮೊದಲು ತಿಳಿಯುವುದು ನನ್ನ ಬೆರಳುಗಳಿಗೆ. ಗಾಳಿಗೆದುರಾಗಿ ಒಂದು ಲೂಪ್ ಸುತ್ತಿಸಿ, ತಂತಿ ಒಂದರೆಕ್ಷಣ ಸಡಿಲಾಗಿ ಮತ್ತೆ ಬಿಗಿಯಾದಾಗ ಆಗುವ ಸುಖಕ್ಕೆ ರಿಮೋಟಿನ ಗುಂಡಿಗಳಲ್ಲಿ ಜಾಗವಿಲ್ಲ.

ಇಂಧನ ತೀರಿ ವಿಮಾನ ಇಳಿದ ಮೇಲೂ ನನ್ನ ತಲೆಯೊಳಗಿನ ಜಗತ್ತು ಮಾತ್ರ ನಿಲ್ಲಲು ಒಪ್ಪುವುದಿಲ್ಲ. ಅಭ್ಯಾಸವಿದ್ದಾಗ ಅಷ್ಟೇನೂ ಅನಿಸುವುದಿಲ್ಲ. ಮಳೆಗಾಲವಿಡೀ ಬಿಟ್ಟು ಮತ್ತೆ ಶುರುಮಾಡಿದ ದಿನ ಮಾತ್ರ ನೆಟ್ಟಗೆ ನಡೆಯಲು ಬಹಳ ಹೊತ್ತು ಬೇಕು. ಅಂಥದ್ದೊಂದು ಬೆಳಗ್ಗೆ ಏಳು ಗಂಟೆಗೆ, ಈಥರಿನ ಸಿಹಿ ಘಾಟು ಮೈತುಂಬ ಹೊತ್ತು, ಕಣ್ಣು ಕೆಂಪಗೆ ಮಾಡಿಕೊಂಡು, ಗೇಟಿನ ಕಡೆಗೆ ಓಲಾಡುತ್ತಾ ಬರುತ್ತಿದ್ದ ನನ್ನ ಎದುರಿಗೆ ಅದೇ ಬ್ಯಾಂಕಿನ ಹಿರಿಯರು ಸಿಕ್ಕರು. ಎರಡು ಹೆಜ್ಜೆ ಹತ್ತಿರ ಬಂದವರು ಮೂಗಿನ ಮಟ್ಟದಲ್ಲೇ ಎಲ್ಲವನ್ನೂ ಅರ್ಥಮಾಡಿಕೊಂಡು ಮೌನವಾಗಿ ಪಕ್ಕಕ್ಕೆ ಸರಿದರು. ಮರುದಿನ ಮನೆಗೇ ಬಂದು, ನಾನಿಲ್ಲದ ಹೊತ್ತಿನಲ್ಲಿ, ಮದ್ಯ ಬಿಡಿಸುವ ಕೇಂದ್ರವೊಂದರ ಚೀಟಿಯನ್ನು ನನ್ನಾಕೆಯ ಕೈಗಿತ್ತು, "ಬೆಳಗ್ಗೇನೇ ಶುರುಮಾಡಿದ್ದಾರಮ್ಮ, ಈಗಲೇ ಹಿಡಿದರೆ ಸರಿಹೋಗ್ತಾರೆ" ಎಂದರಂತೆ. "ಅದಾಗಿದ್ದರೆ ಬಿಡಿಸಬಹುದಿತ್ತು ಸಾರ್" ಎಂದು ಅವಳು ಅವರನ್ನು ಊಟದ ಮೇಜಿನ ಬಳಿಗೆ ಕರೆದೊಯ್ದು ಅರ್ಧ ಕಟ್ಟಿದ ರೆಕ್ಕೆ ತೋರಿಸಿದಳಂತೆ.

ಅವರು ನಾನು ಬರುವವರೆಗೂ ಕಾದು ಕೂತು, ಪ್ರತಿ ರಿಬ್ಬಿನ ಬಗ್ಗೆಯೂ ವಿಚಾರಿಸಿ, ಹಲ್ಲಿನ ಗುರುತಿನದನ್ನು ಮಾತ್ರ ತುಸು ಹೆಚ್ಚು ಹೊತ್ತು ನೋಡಿದರು. ಈಗ ಭಾನುವಾರಗಳಂದು ವಿಮಾನ ಹಿಡಿದು ಬಿಡುವವರು ಅವರೇ. ಭಾವಮೈದುನನಿಗೆ ಬಡ್ತಿ ಕೊಟ್ಟು ಪ್ರೇಕ್ಷಕನನ್ನಾಗಿ ಮಾಡಿದ್ದೇನೆ. ಮೇಲಿನ ತಂತಿಯ ಎರಡೂ ತುದಿಗೆ ಕೆಂಪು ದಾರ ಕಟ್ಟಿಸಿದ್ದು ಅವರ ಸಲಹೆ. ಜೀವಮಾನವಿಡೀ ಕ್ಯಾಷ್ ಕೌಂಟರಿನಲ್ಲಿ ಕೂತಿದ್ದವರಾದ್ದರಿಂದ ಎಲ್ಲವನ್ನೂ ಎರಡೆರಡು ಸಲ ನೋಡುತ್ತಾರೆ. ವಿಮಾನ ಬಿದ್ದ ದಿನ ಹುಡುಗರಿಗಿಂತ ಮೊದಲು ಓಡಿಹೋಗಿ ಹತ್ತು ರೂಪಾಯಿಯ ಲೆಕ್ಕವನ್ನೂ ಒಪ್ಪಿಸುತ್ತಾರೆ.